ಪಾರ್ಕ್ ಎದುರಿನ ಫ್ಲಾಟು, ಬೂಟ್ ಪಾಲಿಶ್ ಮಾಡುವವನ ಮೂರು ಸೈಟು

ಬರಹ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ವಿದೇಶದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಮನೆ ಮಾರಾಟದ ಜಾಹೀರಾತು ಓಡಾಡುತ್ತೆ. ಅದರಲ್ಲೂ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಪಕ್ಕದ ಫ್ಲಾಟ್ ಅಂದ್ರೆ ಕೇಳೋದೇ ಬೇಡ. ವಿಶಾಲವಾದ ಮನೆ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಟ್ಟಡ, ಒಳಗೆಲ್ಲ ಹೊಸದಾಗಿ ನವೀಕರಿಸಿದ್ದು. ಎತ್ತರದ ಛಾವಣಿ, ಅಮೃತಶಿಲೆಯ ಬಚ್ಚಲು, ಬಾಗಿಲಲ್ಲಿ ಯೂನಿಫಾರಂ ಹಾಕಿದ ಕಾವಲುಗಾರ. ಎಲ್ಲಕ್ಕಿಂತ ಮೇಲೆ, ಕಿಟಕಿ ತೆಗೆದರೆ ಪಾರ್ಕು. ಆ ಒಂದು ಮಾತಿಗೇ ಅಲ್ಲಿ ರೇಟು. 2019ರಲ್ಲಿ ಆ ಪಾರ್ಕಿನ ದಕ್ಷಿಣದ ಅಂಚಿನಲ್ಲಿ ಒಂದು ಮನೆ ಸುಮಾರು 24 ಕೋಟಿ ಡಾಲರಿಗೆ ಮಾರಾಟ ಆಯ್ತು. ಅಲ್ಲಿಯವರೆಗೆ ಅಮೆರಿಕದಲ್ಲಿ ಒಂದು ಮನೆಗೆ ಯಾರೂ ಅಷ್ಟು ದುಡ್ಡು ಕೊಟ್ಟಿರಲಿಲ್ಲ.

ಇಂಥ ಜಾಹೀರಾತಲ್ಲಿ ಎಲ್ಲಾ ಇರುತ್ತೆ. ಎಷ್ಟು ಚದರಡಿ, ಯಾವ ಇಸವಿಯ ಕಟ್ಟಡ, ನೆಲಕ್ಕೆ ಯಾವ ಮರ, ತಿಂಗಳ ಖರ್ಚೆಷ್ಟು. ಒಂದು ಮಾತ್ರ ಇರಲ್ಲ. ಪಾರ್ಕಿನ ಪಶ್ಚಿಮದ ರಸ್ತೆಯಲ್ಲಿ, 82ನೇ ಬೀದಿಯಿಂದ 89ನೇ ಬೀದಿಯವರೆಗೆ, ಆ ಕಿಟಕಿಗಳಿಂದ ಕಾಣುವ ಹಸಿರಿನ ಕೆಳಗೆ ಒಂದು ಊರು ಇದೆ. ಕಪ್ಪು ಜನ ಬೆವರು ಸುರಿಸಿ ದುಡ್ಡು ಕೊಟ್ಟು ಕೊಂಡ ನೆಲ ಅದು. ಆ ಊರಿನ ಹೆಸರು ಸೆನೆಕಾ ವಿಲೇಜ್.

ಈ ಊರಿನ ಕತೆಯನ್ನ ನಮ್ಮ ಕೇರಿಯವರು ತಿಳ್ಕೋಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸ್ತಿತ್ತು. ಯಾಕೆ ಅಂದ್ರೆ ಇದು ಬರೀ ಅಮೆರಿಕದ ಕತೆ ಅಲ್ಲ. ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿಂದ ಎರಡು ಕಿಲೋಮೀಟರ್ ಚಿಲ್ಲರೆ ದೂರದಲ್ಲಿದೆ. ನಮಗೂ ಆ ಊರಿಗೂ ಇರುವ ಸಂಬಂಧ ಬರೀ ದೂರದ ಲೆಕ್ಕದ್ದೂ ಅಲ್ಲ.

ಕತೆ ಶುರುವಾಗೋದು 1825ರಲ್ಲಿ. ಆಗ ನ್ಯೂಯಾರ್ಕ್ ನಗರ ಅಂದ್ರೆ ದ್ವೀಪದ ದಕ್ಷಿಣದ ತುದಿ. 80ನೇ ಬೀದಿ ಅನ್ನೋದೆಲ್ಲ ಬಂಡೆ, ಹೊಲ, ಗಿಡಗಂಟಿ. ಜಾನ್ ವೈಟ್‌ಹೆಡ್ ಮತ್ತು ಎಲಿಜಬೆತ್ ವೈಟ್‌ಹೆಡ್ ಅನ್ನೋ ದಂಪತಿ ಅಲ್ಲಿದ್ದ ತಮ್ಮ ಜಮೀನನ್ನ ಸೈಟು ಮಾಡಿ ಮಾರೋಕೆ ಹೊರಟರು. ಮೊದಲು ಕೊಂಡವರಲ್ಲಿ ಒಬ್ಬ ಆಂಡ್ರ್ಯೂ ವಿಲಿಯಮ್ಸ್. ವಯಸ್ಸು 25. ಕಪ್ಪು ಹುಡುಗ. ಕಸುಬು ಬೂಟ್ ಪಾಲಿಶ್. ಅವನು 125 ಡಾಲರ್ ಕೊಟ್ಟು ಮೂರು ಸೈಟು ತಗೊಂಡ. ಅಂಗಡಿಯಲ್ಲಿ ಕೆಲಸಕ್ಕಿದ್ದ ಎಪಿಫನಿ ಡೇವಿಸ್ ಅನ್ನೋ ಇನ್ನೊಬ್ಬ 578 ಡಾಲರ್ ಕೊಟ್ಟು ಹನ್ನೆರಡು ಸೈಟು ತಗೊಂಡ. ಅದೇ ಹೊತ್ತಲ್ಲಿ ಕಪ್ಪು ಜನರದೇ ಆದ ಎ.ಎಂ.ಇ. ಜಿಯಾನ್ ಚರ್ಚು ಆರು ಸೈಟು ತಗೊಂಡಿತು.

ನಾನು ಈ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಬೂಟ್ ಪಾಲಿಶ್ ಮಾಡುವ ಒಬ್ಬ, ಬೇರೆಯವರ ಕಾಲ ಹತ್ತಿರ ಕೂತು ಕೂಡಿಟ್ಟ ದುಡ್ಡಲ್ಲಿ ನೆಲ ಕೊಂಡುಕೊಳ್ಳೋದು ಅಂದ್ರೆ ಏನು ಅಂತ ಚರ್ಮದ ಕೆಲಸ ಮಾಡಿದ ಮನೆತನದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದೂ ಯಾವಾಗ? ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ರದ್ದಾಗಿದ್ದು 1827ರ ಜುಲೈ 4ಕ್ಕೆ. ಅಂದರೆ ಆಂಡ್ರ್ಯೂ ವಿಲಿಯಮ್ಸ್ ಸೈಟು ಕೊಂಡಾಗ ಅದೇ ರಾಜ್ಯದಲ್ಲಿ ಅವನ ಬಣ್ಣದವರು ಇನ್ನೂ ಬೇರೆಯವರ ಆಸ್ತಿಯಾಗಿದ್ದರು. ಮನುಷ್ಯರೇ ಆಸ್ತಿಯಾಗಿದ್ದ ಕಾಲದಲ್ಲಿ ಅವನು ಆಸ್ತಿ ಮಾಡಿದ.

ಊರ ಹೊರಗೆ, ಬಂಡೆಗಳ ನಡುವೆ ಯಾಕೆ ಹೋದರು? ಕಾರಣ ಎರಡು.

ಒಂದು, ನಗರದ ಒಳಗೆ ಬದುಕೋಕೆ ಬಿಡ್ತಿರಲಿಲ್ಲ. ಇಕ್ಕಟ್ಟು, ಕಾಲರಾ, ಅದರ ಮೇಲೆ ದೊಂಬಿ. 1834ರ ಜುಲೈನಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮನೆ, ಚರ್ಚುಗಳ ಮೇಲೆ ಬಿದ್ದು ಧ್ವಂಸ ಮಾಡಿದವು. ದೂರ ಹೋದಷ್ಟೂ ಜೀವಕ್ಕೆ ಕ್ಷೇಮ.

ಎರಡನೇ ಕಾರಣ ಓಟು. ಇದನ್ನ ಗಮನ ಕೊಟ್ಟು ಓದಿ. 1821ರಲ್ಲಿ ನ್ಯೂಯಾರ್ಕ್ ರಾಜ್ಯ ತನ್ನ ಸಂವಿಧಾನ ಬದಲಾಯಿಸಿತು. ಬಿಳಿ ಗಂಡಸರಿಗೆ ಆಸ್ತಿಯ ಷರತ್ತನ್ನ ಸಡಿಲ ಮಾಡಿ, ಮುಂದೆ ಪೂರ್ತಿ ತೆಗೆದೇ ಹಾಕಿದರು. ಕಪ್ಪು ಗಂಡಸರಿಗೆ ಮಾತ್ರ ಹೊಸ ಷರತ್ತು: 250 ಡಾಲರ್ ಬೆಲೆಯ ಸ್ಥಿರಾಸ್ತಿ ಇದ್ದರೆ ಓಟು, ಇಲ್ಲಾಂದ್ರೆ ಇಲ್ಲ. ಹೆಂಗಸರಿಗಂತೂ ಯಾವ ಬಣ್ಣದವರಾದ್ರೂ ಓಟೇ ಇರಲಿಲ್ಲ. "ನಿಮಗೆ ಓಟು ಇಲ್ಲ" ಅಂತ ನೇರವಾಗಿ ಹೇಳಲ್ಲ ನೋಡಿ ಇವರು. ದಾಟೋಕೆ ಆಗದಷ್ಟು ಎತ್ತರಕ್ಕೆ ಹೊಸಿಲು ಕಟ್ತಾರೆ. ಆ ಹೊಸಿಲನ್ನ ದಾಟೋಕೆ ಅವರು ನೆಲ ಕೊಂಡರು. 1840ರ ದಶಕದ ನಡುವಿನಲ್ಲಿ ಇಡೀ ನ್ಯೂಯಾರ್ಕ್ ನಗರದಲ್ಲಿ ಓಟಿನ ಹಕ್ಕಿದ್ದ ಕಪ್ಪು ಜನ ಸುಮಾರು 100. ಅದರಲ್ಲಿ 10 ಮಂದಿ ಈ ಪುಟ್ಟ ಊರಿನವರು.

ನಮ್ಮ ದೇಶದ ಕತೆ ಗೊತ್ತಿರುವವರಿಗೆ ಇದು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲೂ ಓಟು ಅನ್ನೋದು ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ. ನೆಲವೇ ಇಲ್ಲದ ಅಸ್ಪೃಶ್ಯರು ಎಲ್ಲಿಂದ ಕಂದಾಯ ಕಟ್ಟಬೇಕು? 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಿಂತು ಬಾಬಾಸಾಹೇಬರು ಅಸ್ಪೃಶ್ಯರ ಮತದಾನದ ಹಕ್ಕು ಮತ್ತು ಪ್ರಾತಿನಿಧ್ಯದ ಬಗ್ಗೆ ಸಾಕ್ಷ್ಯ ಕೊಟ್ಟರು. ಮುಂದೆ ಸೈಮನ್ ಆಯೋಗದ ಮುಂದೆ ವಯಸ್ಕರಿಗೆಲ್ಲ ಮತ ಕೊಡಿ ಅಂತ ಕೇಳಿದರು. ಇವತ್ತು ನಾವು ಆಧಾರ್ ಕಾರ್ಡೋ ವೋಟರ್ ಕಾರ್ಡೋ ತೋರಿಸಿ ಸಲೀಸಾಗಿ ಓಟು ಹಾಕಿ ಬರ್ತೀವಲ್ಲ, ಆ ಸಲೀಸಿನ ಹಿಂದೆ ಇರೋದು ಈ ಜಗಳ.

ಮತ್ತೆ ಸೆನೆಕಾಗೆ ಬರೋಣ. 1855ರ ಜನಗಣತಿ ಹೊತ್ತಿಗೆ ಅಲ್ಲಿ ಸುಮಾರು 225 ಜನ. ಮೂರರಲ್ಲಿ ಎರಡು ಪಾಲು ಕಪ್ಪು ಜನ, ಉಳಿದವರಲ್ಲಿ ಹೆಚ್ಚಿನವರು ಕ್ಷಾಮಕ್ಕೆ ಊರು ಬಿಟ್ಟು ಬಂದ ಐರಿಷ್ ಬಡವರು. ಮೂರು ಚರ್ಚು. ಕಪ್ಪು ಮಕ್ಕಳಿಗೆ ಒಂದು ಶಾಲೆ. ಸ್ಮಶಾನಗಳು. ಕಪ್ಪು ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸ್ವಂತ ಮನೆ. ಆಗಿನ ನ್ಯೂಯಾರ್ಕಿನಲ್ಲಿ ಬಿಳಿಯರಲ್ಲೂ ಹೆಚ್ಚಿನವರು ಬಾಡಿಗೆ ಮನೆಯಲ್ಲೇ ಇದ್ದದ್ದು ಅನ್ನೋದನ್ನ ನೆನಪಿಡಿ. ಆಲ್ ಏಂಜಲ್ಸ್ ಅನ್ನೋ ಚರ್ಚಿನಲ್ಲಿ ಕಪ್ಪು ಜನರೂ ಐರಿಷರೂ ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತಿದ್ದರು, ಸತ್ತರೆ ಒಂದೇ ಸ್ಮಶಾನ. ಇದು 1850ರ ಆಸುಪಾಸು. ನಮ್ಮ ಎಷ್ಟು ಊರಲ್ಲಿ ಇವತ್ತಿಗೂ ಹೆಣ ಹೂಳೋ ಜಾಗ ಬೇರೆ ಬೇರೆ ಅಂತ ನಾನು ಹೇಳಬೇಕಾಗಿಲ್ಲ.

ಇಷ್ಟು ಹೊತ್ತಿಗೆ ನಗರದ ಸಾಹುಕಾರರಿಗೆ ಒಂದು ಆಸೆ ಹುಟ್ಟಿತ್ತು. ಲಂಡನ್, ಪ್ಯಾರಿಸ್‌ಗಳಲ್ಲಿ ದೊಡ್ಡ ಪಾರ್ಕುಗಳಿವೆ, ಗಾಡಿಯಲ್ಲಿ ಕೂತು ಗಾಳಿ ಸೇವನೆಗೆ ಹೋಗಬಹುದು, ನಮ್ಮಲ್ಲಿ ಯಾಕಿಲ್ಲ? ಕವಿ, ಪತ್ರಿಕಾ ಸಂಪಾದಕ ವಿಲಿಯಂ ಕಲೆನ್ ಬ್ರಯಂಟ್ ಥರದವರು ಬರೆದು ಬರೆದು ಒತ್ತಾಯ ಮಾಡಿದರು. ಪಾರ್ಕು ಬೇಕು ಅನ್ನೋದು ತಪ್ಪಲ್ಲ. ಇಕ್ಕಟ್ಟಿನ ನಗರಕ್ಕೆ ಉಸಿರಾಡೋ ಜಾಗ ಬೇಕೇ ಬೇಕು. ಪ್ರಶ್ನೆ ಇರೋದು ಯಾರ ಜಾಗದಲ್ಲಿ ಅನ್ನೋದು. ಮೊದಲು ನದಿ ದಂಡೆಯ ಮೇಲಿದ್ದ ಜೋನ್ಸ್ ವುಡ್ ಅನ್ನೋ ತೋಪನ್ನ ನೋಡಿದ್ದರು. ಅದು ಸಿರಿವಂತ ಮನೆತನಗಳ ಜಾಗ. ಅವರು ಒಪ್ಪಲಿಲ್ಲ, ಕೋರ್ಟಿಗೆ ಹೋದರು, ಆ ಯೋಜನೆ ಬಿತ್ತು. 1853ರಲ್ಲಿ ದ್ವೀಪದ ನಡುವಿನ ಜಾಗವನ್ನ ವಶಪಡಿಸಿಕೊಳ್ಳೋಕೆ ಕಾನೂನು ಬಂತು. ಸಾಹುಕಾರ ಬೇಡ ಅಂದರೆ ಯೋಜನೆ ಜಾಗ ಬದಲಾಯಿಸುತ್ತೆ. ಬಡವ ಬೇಡ ಅಂದರೆ ಬಡವನೇ ಜಾಗ ಬದಲಾಯಿಸಬೇಕು.

ಕಾನೂನಿನ ಜೊತೆಜೊತೆಗೆ ಬಂದಿದ್ದು ಮಾತು. ಆಗಿನ ಪತ್ರಿಕೆಗಳು ಈ ಊರನ್ನ ಗುಡಿಸಲುಗಳ ಗುಂಪು ಅಂದವು. ಅಲ್ಲಿದ್ದವರನ್ನ ಒತ್ತುವರಿದಾರರು, ಅಲೆಮಾರಿಗಳು ಅಂದವು. ಊರಿನ ಹೆಸರನ್ನೇ ಬಿಟ್ಟು, ಕಪ್ಪು ಜನರನ್ನ ಹೀಯಾಳಿಸುವ ಬೈಗುಳವನ್ನೇ ಊರಿಗೆ ಹೆಸರು ಮಾಡಿ ಅಚ್ಚು ಹಾಕಿದವು. ಎರಡಂತಸ್ತಿನ ಮನೆ ಕಟ್ಟಿಕೊಂಡವರು, ಕ್ರಯಪತ್ರ ಇದ್ದವರು, ತೆರಿಗೆ ಕಟ್ಟಿದವರು, ಓಟು ಹಾಕಿದವರು ಒಂದೇ ಏಟಿಗೆ ಒತ್ತುವರಿದಾರರಾದರು. 1857ರಲ್ಲಿ ಊರನ್ನ ಪೂರ್ತಿ ಖಾಲಿ ಮಾಡಿಸಿದರು. ಇಡೀ ಪಾರ್ಕಿಗೆ ಅಂತ ಎತ್ತಂಗಡಿಯಾದವರು ಸುಮಾರು 1,600 ಜನ.

ಈ ಕ್ರಮವನ್ನ ನೋಡಿ: ಮೊದಲು ಮಾತು, ಆಮೇಲೆ ನೋಟೀಸು, ಕೊನೆಗೆ ಕೆಡವೋದು. 2013ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಬಡವರ ವಸತಿಗಂತ ಇದ್ದ ಜಾಗದಿಂದ ಸಾವಿರಾರು ಜನರನ್ನ ಎಬ್ಬಿಸಿ ಶೆಡ್ಡುಗಳನ್ನ ನೆಲಸಮ ಮಾಡಿದಾಗಲೂ ಹೀಗೇ ಆಯ್ತು. ಅಲ್ಲಿದ್ದವರಲ್ಲಿ ದಲಿತರು, ಮುಸ್ಲಿಮರು, ಮನೆಗೆಲಸಕ್ಕೆ ಹೋಗೋ ಹೆಂಗಸರು. ಕಾರ್ಪೊರೇಷನ್ನೇ ಬಡವರಿಗೆ ಅಂತ ಕಟ್ಟಿಸಿದ ಕ್ವಾರ್ಟರ್ಸ್ ಇದ್ದ ಜಾಗ ಅದು. ಆದರೂ ಅವರಿಗೆ ಬಿದ್ದ ಹೆಸರು "ಅಕ್ರಮ ವಾಸಿಗಳು". ಹಾಗಾಗಿ ಯಾವುದೇ ಕೇರಿಯ ಬಗ್ಗೆ ಪೇಪರಲ್ಲಿ "ಕೊಳಕು", "ಅಕ್ರಮ", "ಅಪರಾಧಿಗಳ ಅಡ್ಡೆ" ಅಂತ ಬರೋಕೆ ಶುರುವಾದರೆ ಎಚ್ಚರ ಆಗಿ. ಜೆಸಿಬಿ ಹಿಂದೆಯೇ ಬರ್ತಿದೆ ಅಂತ ಅರ್ಥ.

"ಪರಿಹಾರ ಕೊಟ್ಟಿದ್ದಾರಲ್ಲ" ಅಂತ ಕೇಳೋರು ಇರ್ತಾರೆ. ಹೌದು, ಕೊಟ್ಟರು. ಜಮೀನಿನ ಮಾಲೀಕರಿಗೆ ಕೊಟ್ಟರು. ಆಂಡ್ರ್ಯೂ ವಿಲಿಯಮ್ಸ್ ತನ್ನ ಮನೆ ಮತ್ತು ಮೂರು ಸೈಟಿಗೆ 3,500 ಡಾಲರ್ ಕೇಳಿದ್ದ, ಸಿಕ್ಕಿದ್ದು 2,335. ಕಾಗದದ ಮೇಲೆ ನೋಡಿದರೆ 125 ಡಾಲರಿಗೆ ಕೊಂಡವನಿಗೆ ಲಾಭವೇ ಆಯ್ತು. ಆದರೆ ಆ ಪರಿಹಾರದ ಲೆಕ್ಕದಲ್ಲಿ ಏನಿತ್ತು, ಏನಿರಲಿಲ್ಲ? ಮಣ್ಣಿಗೆ ಬೆಲೆ ಇತ್ತು, ಗೋಡೆಗೆ ಬೆಲೆ ಇತ್ತು. ನೆರೆಹೊರೆಗೆ ಇರಲಿಲ್ಲ. ಶಾಲೆ ತಪ್ಪಿದ ಮಗುವಿಗೆ ಇರಲಿಲ್ಲ. ಹೂತ ಅಪ್ಪ ಅಮ್ಮನ ಮೇಲೆ ಬೇರೆಯವರು ನಡೆದಾಡುತ್ತಾರೆ ಅನ್ನೋದಕ್ಕೆ ಇರಲಿಲ್ಲ. ಬಾಡಿಗೆಗೆ ಇದ್ದವರಿಗೆ ಏನೂ ಇರಲಿಲ್ಲ. ಮುಖ್ಯವಾಗಿ, ಭೂಮಿ ಹೋದರೆ ಓಟೂ ಹೋಗುತ್ತೆ ಅನ್ನೋದಕ್ಕೆ ಬೆಲೆ ಇರಲಿಲ್ಲ. ಮತ್ತೆ 250 ಡಾಲರಿನ ಸ್ಥಿರಾಸ್ತಿ ಎಲ್ಲಾದರೂ ಕೊಂಡವನಿಗೆ ಮಾತ್ರ ಓಟು. ಈ ಆಸ್ತಿ ಷರತ್ತನ್ನ ತೆಗೆದುಹಾಕಬೇಕಾ ಅಂತ ನ್ಯೂಯಾರ್ಕಿನ ಮತದಾರರನ್ನ 1846, 1860 ಮತ್ತು 1869ರಲ್ಲಿ ಮೂರು ಸಲ ಕೇಳಿದರು. ಮೂರು ಸಲವೂ ಬೇಡ ಅಂದರು. ಕೊನೆಗೆ 1870ರಲ್ಲಿ ದೇಶದ ಸಂವಿಧಾನಕ್ಕೇ 15ನೇ ತಿದ್ದುಪಡಿ ಬಂದ ಮೇಲೆ ಅದು ಬಿದ್ದುಹೋಯ್ತು. ಸಾಮಾಜಿಕ ನ್ಯಾಯವನ್ನ ಬಹುಸಂಖ್ಯಾತರ ಒಳ್ಳೆ ಮನಸ್ಸಿಗೆ ಬಿಡಬಾರದು ಅಂತ ನಾವು ಹೇಳೋದು ಸುಮ್ಮನೆ ಅಲ್ಲ.

ಹಾಗಾದರೆ ನೆಲದ ನಿಜವಾದ ಬೆಲೆ ಯಾರಿಗೆ ಹೋಯ್ತು? ರಸ್ತೆಯ ಆಚೆ ಬದಿಯವರಿಗೆ. ಪಾರ್ಕಿನ ವಿನ್ಯಾಸ ಮಾಡಿದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಸ್ವತಃ ಸುತ್ತಲಿನ ಆಸ್ತಿಗಳ ಬೆಲೆ ಎಷ್ಟು ಏರಿತು, ಅದರಿಂದ ನಗರಕ್ಕೆ ತೆರಿಗೆ ಎಷ್ಟು ಹೆಚ್ಚು ಬಂತು ಅಂತ ಲೆಕ್ಕ ಹಾಕಿ ತೋರಿಸಿದ. ಪಾರ್ಕು ಖರ್ಚಲ್ಲ, ಲಾಭ ಅಂತ ಸಾಬೀತು ಮಾಡೋಕೆ. 1884ರಲ್ಲಿ 72ನೇ ಬೀದಿಯಲ್ಲಿ ಡಕೋಟಾ ಅನ್ನೋ ಭಾರಿ ಅಪಾರ್ಟ್‌ಮೆಂಟ್ ಎದ್ದಿತು. 1929ರಲ್ಲಿ 81ನೇ ಬೀದಿಯಲ್ಲಿ ಬೆರೆಸ್‌ಫರ್ಡ್, 1931ರ ಹೊತ್ತಿಗೆ 90ನೇ ಬೀದಿಯಲ್ಲಿ ಎಲ್ಡೊರಾಡೊ. ಈ ಕೊನೆಯ ಎರಡರ ನಡುವೆಯೇ, ರಸ್ತೆಯ ಈಚೆಗೆ, ಸೆನೆಕಾ ಊರಿತ್ತು. ಇವತ್ತಿನ ಜಾಹೀರಾತಿನ "ಪಾರ್ಕ್ ವ್ಯೂ" ಅನ್ನೋ ಎರಡು ಪದಕ್ಕೆ ಕೊಡೋ ಕೋಟಿಗಳಿವೆಯಲ್ಲ, ಅದರ ಮೊದಲ ಕಂತು ಕಟ್ಟಿದ್ದು ಬೂಟ್ ಪಾಲಿಶ್ ಮಾಡುವ ಆಂಡ್ರ್ಯೂ ವಿಲಿಯಮ್ಸ್.

ಈಗ ಅದೇ ನಗರಕ್ಕೆ ನಮ್ಮವರು ಬಂದ ಕತೆ. 1913ರ ಜುಲೈನಲ್ಲಿ 22 ವಯಸ್ಸಿನ ಭೀಮರಾವ್ ನ್ಯೂಯಾರ್ಕಿಗೆ ಬಂದಿಳಿದರು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ. 116ನೇ ಬೀದಿಯ ಕೊಲಂಬಿಯಾದಲ್ಲಿ ಓದು, ವಿದ್ಯಾರ್ಥಿಗಳ ವಸತಿಯಲ್ಲಿ ವಾಸ. ಪಕ್ಕದ ಕೋಣೆಯವನು ನಿನ್ನ ಜಾತಿ ಯಾವುದು ಅಂತ ಕೇಳಲ್ಲ, ಒಂದೇ ಮೇಜಿನಲ್ಲಿ ಊಟ. ಅಮೆರಿಕ ಅಷ್ಟು ಒಳ್ಳೇದಾಗಿತ್ತು ಅಂತಲ್ಲ. ಅಲ್ಲಿನ ಹೊಲಗೇರಿ ಬೇರೆಯವರಿಗೆ ಮೀಸಲಾಗಿತ್ತು, ಅಷ್ಟೇ. ಭೀಮರಾವ್ ಬರೋ ಹೊತ್ತಿಗೆ ಸೆನೆಕಾದ ಮೇಲೆ ಹುಲ್ಲು ಬೆಳೆದು ಅರ್ಧ ಶತಮಾನದ ಮೇಲಾಗಿತ್ತು. 1916ರ ಮೇ 9ರಂದು ಅವರು ಭಾರತದ ಜಾತಿಗಳ ಬಗ್ಗೆ ತಮ್ಮ ಪ್ರಸಿದ್ಧ ಪ್ರಬಂಧ ಓದಿದ್ದು ಇದೇ ನಗರದಲ್ಲಿ. ಮುಂದೆ 1946ರಲ್ಲಿ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದರು. ಎರಡು ಕೇರಿಗಳ ನಡುವೆ ದಾರಿ ತೆರೆದದ್ದು ಹೀಗೆ.

ಸರಿ, ಓದು ಮುಗಿಸಿ ಬಂದರು. 1917. ವಿದ್ಯಾರ್ಥಿವೇತನದ ಒಪ್ಪಂದದಂತೆ ಬರೋಡದಲ್ಲಿ ಕೆಲಸಕ್ಕೆ ಸೇರಬೇಕು. ಕೆಲಸ ಇದೆ, ಮನೆ ಇಲ್ಲ. ಆ ಇಡೀ ನಗರದಲ್ಲಿ ಕೊಲಂಬಿಯಾ, ಲಂಡನ್ ನೋಡಿ ಬಂದವನಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇದ್ದರು. ಹನ್ನೊಂದನೇ ದಿನ ಬೆಳಗ್ಗೆ ಕೋಲು ಹಿಡಿದ ಹತ್ತು ಹನ್ನೆರಡು ಜನ ಬಂದು ಸುತ್ತುವರಿದರು, ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಹತ್ತಿರವೂ ಕೇಳಿದರು. ಇಬ್ಬರೂ ನೆಪ ಹೇಳಿದರು. ಕೊನೆಗೆ ರಾತ್ರಿ ಬೊಂಬಾಯಿ ರೈಲಿನವರೆಗೆ ಹೊತ್ತು ಕಳೆಯೋಕೆ ಅವರು ಹೋಗಿ ಕೂತಿದ್ದು ಎಲ್ಲಿ ಗೊತ್ತಾ? ಊರಿನ ಸಾರ್ವಜನಿಕ ಪಾರ್ಕಿನಲ್ಲಿ. ಕಾಮಾಟಿ ಬಾಗ್. ಅದನ್ನ ಕಟ್ಟಿಸಿದ್ದು ಅವರನ್ನ ಓದಿಸಿದ ಅದೇ ಮಹಾರಾಜ. ಇದನ್ನೆಲ್ಲ ಬಾಬಾಸಾಹೇಬರೇ "ವೇಟಿಂಗ್ ಫಾರ್ ಎ ವೀಸಾ" ಬರಹದಲ್ಲಿ ಹೇಳಿಕೊಂಡಿದ್ದಾರೆ.

ಈ ಎರಡು ಪಾರ್ಕುಗಳನ್ನ ಅಕ್ಕಪಕ್ಕ ಇಟ್ಟು ನೋಡಿ. ನ್ಯೂಯಾರ್ಕಿನಲ್ಲಿ ಮನೆ ಕಿತ್ತುಕೊಂಡು ಪಾರ್ಕು ಮಾಡಿದರು. ಬರೋಡದಲ್ಲಿ ಪಾರ್ಕು ಸಿಕ್ಕಿತು, ಮನೆ ಸಿಗಲಿಲ್ಲ. ಮಹಾರಾಜನಿಗೆ ಒಬ್ಬ ಅಸ್ಪೃಶ್ಯ ಹುಡುಗನನ್ನ ಸಮುದ್ರ ದಾಟಿಸಿ ಓದಿಸೋ ಶಕ್ತಿ ಇತ್ತು. ತನ್ನ ರಾಜಧಾನಿಯಲ್ಲಿ ಅವನಿಗೆ ಒಂದು ಬಾಗಿಲು ತೆಗೆಸೋ ಶಕ್ತಿ ಇರಲಿಲ್ಲ. ಯಾಕೆ? ಪಾರ್ಕು ಸಾರ್ವಜನಿಕ, ಮನೆ ಖಾಸಗಿ. ಈ "ಖಾಸಗಿ" ಅನ್ನೋ ಪದದ ಒಳಗೆ ಜಾತಿ ಕದ ಹಾಕಿಕೊಂಡು ಕೂತಿದೆ. ನಾನು ಇಷ್ಟುದ್ದ ಬರೀತಿರೋದು ಈ ಒಂದು ಮಾತು ಹೇಳೋಕೆ.

ಸಾರ್ವಜನಿಕವಾದದ್ದನ್ನ ನಾವು ಹೋರಾಡಿ ಪಡ್ಕೊಂಡ್ವಿ. 1927ರಲ್ಲಿ ಮಹಾಡದ ಕೆರೆ. ಆಮೇಲೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿತು. 15ನೇ ವಿಧಿಯ ಎರಡನೇ ಖಂಡ ಓದಿ: ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಎಲ್ಲದರ ಹೆಸರಿದೆ. ಬಾಡಿಗೆ ಮನೆಯ ಹೆಸರಿಲ್ಲ. ಬೆಂಗಳೂರಲ್ಲಿ 19ನೇ ಶತಮಾನದ ಕೊನೆಗೆ, ಪ್ಲೇಗಿನ ಹೊತ್ತಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ನಿವೇಶನಗಳನ್ನ ಜಾತಿವಾರು ವಿಂಗಡಿಸಿಯೇ ಹಂಚಿದ್ದು. ಅಗಲವಾದ ರಸ್ತೆ, ಮರ, ಪಾರ್ಕು, ಎಲ್ಲಾ ಆಧುನಿಕ. ಯಾರ ಪಕ್ಕ ಯಾರು ಅನ್ನೋದು ಮಾತ್ರ ಹಳೇದು. ಇವತ್ತು ಆ ವಿಂಗಡಣೆ ಕಾಗದದಲ್ಲಿಲ್ಲ. ಫೋನಿನಲ್ಲಿದೆ. ನಾನೂ ಕೇಳಿಸಿಕೊಂಡಿದ್ದೀನಿ. ಅಡ್ವಾನ್ಸು, ಬಾಡಿಗೆ, ನೀರಿನ ದುಡ್ಡು ಎಲ್ಲಾ ಮಾತಾದ ಮೇಲೆ ಮಾಲೀಕರು ಮೆಲ್ಲಗೆ, "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ಅಂದರು. ಹೇಳಿದೆ. ಸಂಜೆ ಹೊತ್ತಿಗೆ ಅವರ ತಮ್ಮನ ಮಗನಿಗೆ ಆ ಮನೆ ಬೇಕಾಗಿಬಿಟ್ಟಿತ್ತು.

ಮತ್ತೆ ನಮ್ಮ ಜಾಹೀರಾತಿನ ಫ್ಲಾಟಿಗೆ ಹೋಗೋಣ. ಆ ಕಟ್ಟಡಗಳಲ್ಲಿ ಹೆಚ್ಚಿನವು "ಕೋ-ಆಪ್", ಅಂದರೆ ಸಹಕಾರಿ ಪದ್ಧತಿಯವು. ನೀವು ಮನೆ ಕೊಳ್ಳಲ್ಲ. ಇಡೀ ಕಟ್ಟಡದ ಒಡೆತನ ಇರುವ ಒಂದು ಕಂಪನಿಯ ಷೇರು ಕೊಳ್ತೀರಿ, ಷೇರಿನ ಜೊತೆಗೆ ನಿಮಗೆ ಆ ಮನೆಯ ಗುತ್ತಿಗೆ. ದುಡ್ಡಿದ್ದರೆ ಸಾಲದು. ಕಟ್ಟಡದ ಆಡಳಿತ ಮಂಡಳಿ ನಿಮ್ಮ ಬ್ಯಾಂಕ್ ಖಾತೆ, ತೆರಿಗೆ ಪತ್ರ, ನಿಮ್ಮ ಪರಿಚಯದವರು ಬರೆದ ಪತ್ರಗಳನ್ನೆಲ್ಲ ನೋಡಿ, ಸಂದರ್ಶನ ಮಾಡಿ, ಬೇಡ ಅನ್ನಬಹುದು. ಯಾಕೆ ಬೇಡ ಅಂತ ಕಾರಣ ಹೇಳಬೇಕಿಲ್ಲ. 1968ರ ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಕೊಂದರು. ಒಂದು ವಾರಕ್ಕೆ, ಏಪ್ರಿಲ್ 11ಕ್ಕೆ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಬಿತ್ತು. ಮನೆ ಮಾರೋದರಲ್ಲಿ, ಬಾಡಿಗೆ ಕೊಡೋದರಲ್ಲಿ ಬಣ್ಣ, ಧರ್ಮ, ಮೂಲ ನೋಡಿ ತಾರತಮ್ಯ ಮಾಡಿದರೆ ಅದು ಕಾನೂನುಬಾಹಿರ. ಆದರೆ ಕಾರಣವನ್ನೇ ಹೇಳದವನ ಮೇಲೆ ತಾರತಮ್ಯ ಸಾಬೀತು ಮಾಡೋದು ಎಷ್ಟು ಕಷ್ಟ ಅಂತ ನೀವೇ ಯೋಚನೆ ಮಾಡಿ. ಆದರೂ ಅಲ್ಲಿ ಕೇಸು ಹಾಕೋಕೆ ಒಂದು ಕಾನೂನಿದೆ.

ನಮ್ಮಲ್ಲಿ? ಮನೆ ಬಾಡಿಗೆ, ಮಾರಾಟದಲ್ಲಿ ಜಾತಿ ತಾರತಮ್ಯವನ್ನ ನೇರವಾಗಿ ಹಿಡಿಯೋ ಅಂಥ ಪ್ರತ್ಯೇಕ ಕಾಯ್ದೆ ಇವತ್ತಿಗೂ ಇಲ್ಲ. ಬದಲಿಗೆ 2005ರಲ್ಲಿ ಸುಪ್ರೀಂ ಕೋರ್ಟು, ಅಹಮದಾಬಾದಿನ ಒಂದು ಗೃಹ ನಿರ್ಮಾಣ ಸಹಕಾರ ಸಂಘ ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅನ್ನೋ ಬೈಲಾ ಇಟ್ಟುಕೊಂಡಿದ್ದನ್ನ ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಅಂತ. ಅದು ಪಾರ್ಸಿಗಳ ಸಂಘ. ಕರಗಿಹೋಗ್ತಿರೋ ಒಂದು ಸಣ್ಣ ಸಮುದಾಯ ಒಟ್ಟಿಗೆ ಇರೋಕೆ ನೋಡಿದರೆ ಅರ್ಥ ಆಗುತ್ತೆ. ಆದರೆ ಆ ತೀರ್ಪು ತೆರೆದ ಬಾಗಿಲಲ್ಲಿ ಯಾರ್ಯಾರು ನುಗ್ಗಬಹುದು? ಬಲಾಢ್ಯ ಜಾತಿಗಳಿಗೂ ಸಂಘ ಕಟ್ಟೋ ಸ್ವಾತಂತ್ರ್ಯ ಇದೆ ತಾನೇ?

ವಿದೇಶದಲ್ಲಿರುವ ಸ್ನೇಹಿತರಿಗೂ ಒಂದು ಮಾತು. ಜಾತಿ ವಿಮಾನ ಹತ್ತಿದೆ. ಅದಕ್ಕೇ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ತನ್ನ ತಾರತಮ್ಯ ವಿರೋಧಿ ಕಾನೂನಿಗೆ ಜಾತಿಯನ್ನ ಸೇರಿಸಿತು. ಕೆಲಸ ಮಾತ್ರ ಅಲ್ಲ, ಮನೆಯೂ ಅದರಲ್ಲಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಪಾಸು ಮಾಡಿದ ಅಂಥದೇ ಮಸೂದೆಯನ್ನ ಅಲ್ಲಿನ ರಾಜ್ಯಪಾಲರು ವಾಪಸ್ ಕಳಿಸಿದರು. ಸಮುದ್ರದಾಚೆ ಒಂದು ನಗರ ಮಾಡಿದ್ದನ್ನ ಬಸವಣ್ಣನ ನಾಡು ಯಾಕೆ ಮಾಡಬಾರದು? ಕರ್ನಾಟಕಕ್ಕೆ ಒಂದು ವಸತಿ ತಾರತಮ್ಯ ನಿಷೇಧ ಕಾಯ್ದೆ ಬೇಕು. ಇದು ನಮ್ಮ ಬೇಡಿಕೆ ಪಟ್ಟಿಯಲ್ಲಿ ಕೊನೆಗೆ ಬರೋ ವಿಷಯ ಆಗಬಾರದು.

ಭೂಮಿಯ ಕತೆಯೂ ಇದರ ಜೊತೆಗೇ ಇದೆ. ದೇವರಾಜ ಅರಸು ಕಾಲದಲ್ಲಿ ಬಂದ 1978ರ ಪಿಟಿಸಿಎಲ್ ಕಾಯ್ದೆ ನಮಗೆ ಮಂಜೂರಾದ ಜಮೀನು ಕೈತಪ್ಪಿದರೆ ವಾಪಸ್ ಕೊಡಿಸೋಕೆ ಇರೋದು. 1984ರಲ್ಲಿ ಸುಪ್ರೀಂ ಕೋರ್ಟೇ ಅದನ್ನ ಎತ್ತಿಹಿಡಿದಿತ್ತು. 2017ರಲ್ಲಿ ಅದೇ ಕೋರ್ಟು, ತುಂಬಾ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದಿತು. ಓದು ಬರಹ ಬಾರದ ಅಜ್ಜ ಹೆಬ್ಬೆಟ್ಟು ಒತ್ತಿದ್ದು ಮೊಮ್ಮಗನಿಗೆ ಗೊತ್ತಾಗೋ ಹೊತ್ತಿಗೆ ಇಪ್ಪತ್ತೈದು ವರ್ಷ ಆಗಿರುತ್ತೆ ಅನ್ನೋದು ಆ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ಬಂತು. ಎಲ್ಲಿ ಕೂತಿದ್ದರು? ಫ್ರೀಡಂ ಪಾರ್ಕಿನಲ್ಲಿ. 1917ರಲ್ಲೂ ನಮಗೆ ಉಳಿದಿದ್ದು ಪಾರ್ಕೇ, ನೂರು ವರ್ಷ ಕಳೆದ ಮೇಲೂ ಪಾರ್ಕೇ. ಒಂದೇ ವ್ಯತ್ಯಾಸ: ಅವತ್ತು ಒಬ್ಬರೇ ಕೂತಿದ್ದರು.

ಕೊನೆಯದಾಗಿ, ಸೆನೆಕಾ ನಮಗೆ ಹೇಗೆ ಗೊತ್ತಾಯ್ತು ಅನ್ನೋದು. ನೂರಕ್ಕೂ ಹೆಚ್ಚು ವರ್ಷ ಆ ಊರು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. 1992ರಲ್ಲಿ ರಾಯ್ ರೋಸೆನ್‌ಜ್ವೈಗ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಮರ್ ಪಾರ್ಕಿನ ಇತಿಹಾಸ ಬರೆದಾಗ ಅದು ಮತ್ತೆ ಬೆಳಕಿಗೆ ಬಂತು. 1997ರಲ್ಲಿ ಒಂದು ಪ್ರದರ್ಶನ, 2001ರಲ್ಲಿ ಒಂದು ಫಲಕ. 2011ರಲ್ಲಿ ಉತ್ಖನನ ಮಾಡಿದರು. ಮಣ್ಣಿನಡಿ ಸಿಕ್ಕಿದ್ದು ಕಬ್ಬಿಣದ 'ಟೀ' ಕೆಟಲ್, ಪಿಂಗಾಣಿ ಚೂರು, ಒಂದು ಪುಟ್ಟ ಮಗುವಿನ ಶೂ. ಗುಡಿಸಲು, ಅಲೆಮಾರಿ ಅಂತ ಪೇಪರು ಬರೆದಿದ್ದು ಸುಳ್ಳು ಅಂತ ಆ ಕೆಟಲ್ಲೇ ಸಾಕ್ಷಿ ಹೇಳಿತು. ಆದರೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಗಿದ್ದು ಕಾಗದದಿಂದ. ಕ್ರಯಪತ್ರ, ತೆರಿಗೆ ಪಟ್ಟಿ, ಜನಗಣತಿ, ಚರ್ಚಿನ ದಾಖಲೆ, ಊರು ಕೆಡವೋಕೆ ಅಂತಲೇ ಮಾಡಿಸಿದ ಸರ್ವೆ ನಕ್ಷೆ. ಕೆಡವಿದವರ ಕಾಗದದಲ್ಲೇ ಕೆಡವಿಸಿಕೊಂಡವರ ಹೆಸರು ಉಳಿಯಿತು.

ಅದಕ್ಕೇ ನನ್ನ ವಿನಂತಿ. ನಿಮ್ಮ ಅಜ್ಜನ ಹೆಸರಿನ ಮಂಜೂರಾತಿ ಪತ್ರ, ಹಳೇ ಪಹಣಿ, ಹಕ್ಕುಪತ್ರ, ಕಂದಾಯದ ರಸೀದಿ ಮನೆಯ ಟ್ರಂಕಿನಲ್ಲಿದ್ದರೆ ಈ ವಾರವೇ ತೆಗೆದು ಫೋಟೋ ಹೊಡೆದು ಎರಡು ಕಡೆ ಇಡಿ. ನಿಮ್ಮ ಕೇರಿಯ ನಕ್ಷೆ ನೀವೇ ಬರೆದಿಡಿ: ಯಾರ ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಹೆಣ ಹೂತಿದ್ದು ಎಲ್ಲಿ. ಬಾಡಿಗೆ ಮನೆ ಹುಡುಕುವಾಗ "ಯಾವ ಜನ" ಅಂತ ಕೇಳಿದರೆ ತಾರೀಕು, ಜಾಗ, ಆಡಿದ ಮಾತು ಹಾಗೇ ಬರೆದಿಡಿ, ಮೆಸೇಜ್ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಳೆ ಕಾಯ್ದೆ ಕೇಳೋಕೆ ವಿಧಾನಸೌಧದ ಮುಂದೆ ಹೋದಾಗ "ಈಗೆಲ್ಲ ಜಾತಿ ಎಲ್ಲಿದೆ" ಅನ್ನೋರ ಮೇಜಿನ ಮೇಲೆ ಇಡೋಕೆ ನಮ್ಮ ಹತ್ತಿರ ಕಾಗದ ಇರಬೇಕು.

ಓದಿದವರು ನಿಮ್ಮ ಕೇರಿಯ ಹುಡುಗ ಹುಡುಗಿಯರಿಗೆ ಓದಿ ಹೇಳಿ.

ಜೈ ಭೀಮ್.